ಆಫೀಸಿನ ದಾರಿ ಯಾರ ಲೆಕ್ಕಕ್ಕೆ? ರಸ್ತೆ ಅಪಘಾತ ಮತ್ತು ಕೆಲಸದ ನೂರು ವರ್ಷದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ಓದ್ಕೊಳ್ತೀವಿ ಅನ್ನೋರಿಗಾಗಿ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಅವಸರದಲ್ಲಿ ದಾಟಿಸಿದ ಇಸವಿ, ಅಂಕಿಗಳನ್ನ ಇಲ್ಲಿ ಸಾವಕಾಶವಾಗಿ ಹೇಳಿದ್ದೀನಿ.

ಒಂದು ಲೆಕ್ಕದಿಂದ ಶುರು ಮಾಡೋಣ. ಇದು ನಾನೇ ಕಟ್ಟಿದ ಉದಾಹರಣೆ, ಆದರೆ ಎನ್‌ಸಿಆರ್‌ನಲ್ಲಿ ಇರೋರಿಗೆ ಇದರಲ್ಲಿ ಹೊಸದೇನೂ ಕಾಣಿಸಲ್ಲ. ನೊಯ್ಡಾ ಸೆಕ್ಟರ್ 62ರಲ್ಲಿ ಮನೆ, ಗುರುಗ್ರಾಮದ ಸೈಬರ್ ಸಿಟಿಯಲ್ಲಿ ಆಫೀಸು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಕಂಪನಿ ಕ್ಯಾಬಲ್ಲಿ ವಾಪಸ್ ಬರ್ತಾ ಇದ್ದಾರೆ. ಜನವರಿಯ ಮಂಜು. ಧೌಲಾ ಕುವಾ ಹತ್ತಿರ ಒಂದು ಲಾರಿ ಬಂದು ಗುದ್ದುತ್ತೆ. ಕ್ಯಾಬ್ ಡ್ರೈವರ್ ಸ್ಥಳದಲ್ಲೇ ತೀರಿಕೊಳ್ತಾನೆ. ಹಿಂದಿನ ಸೀಟಲ್ಲಿದ್ದ ಇಂಜಿನಿಯರ್‌ಗೆ ಕಾಲು ಮುರಿಯುತ್ತೆ. ಮನೆ ಉತ್ತರ ಪ್ರದೇಶ, ಆಫೀಸು ಹರಿಯಾಣ, ಅಪಘಾತ ದೆಹಲಿ.

ಈಗ ಪ್ರಶ್ನೆ. ಈ ಸಾವು ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತೆ? ಪೊಲೀಸರ ಪುಸ್ತಕದಲ್ಲಿ "ರಸ್ತೆ ಅಪಘಾತ" ಅಂತಲೋ, ಕಾರ್ಮಿಕ ಇಲಾಖೆಯ ಪುಸ್ತಕದಲ್ಲಿ "ಕೆಲಸದಲ್ಲಾದ ಸಾವು" ಅಂತಲೋ? ಡ್ರೈವರ್ ಸತ್ತದ್ದು ಕೆಲಸ ಮಾಡುವಾಗಲೇ. ಸ್ಟೀರಿಂಗ್ ಹಿಡಿಯೋದೇ ಅವನ ಕೆಲಸ. ಆದರೂ ಬಹುತೇಕ ಸಂದರ್ಭಗಳಲ್ಲಿ ಅವನ ಸಾವು ಮೊದಲನೇ ಪುಸ್ತಕದಲ್ಲಿ ಮಾತ್ರ ಇರುತ್ತೆ. ಯಾಕೆ ಹೀಗೆ ಅನ್ನೋದಕ್ಕೆ ನೂರು ವರ್ಷದ ಇತಿಹಾಸ ಇದೆ. ಇವತ್ತು ಆ ಕಥೆ.

1923: ಕಾಂಪೌಂಡಿನ ಒಳಗಿನ ಕಾನೂನು

ನಮ್ಮ ದೇಶದಲ್ಲಿ ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕ ಪರಿಹಾರ ಕೊಡಬೇಕು ಅನ್ನೋ ಮೊದಲ ಅಖಿಲ ಭಾರತ ಕಾನೂನು 1923ರ ಕಾರ್ಮಿಕ ಪರಿಹಾರ ಕಾಯ್ದೆ. ಜಾರಿಗೆ ಬಂದದ್ದು 1924ರ ಜುಲೈ 1ರಂದು. ಅದರ ಹೃದಯ ಒಂದು ವಾಕ್ಯ: ಅಪಘಾತವು "ಉದ್ಯೋಗದಿಂದ ಉಂಟಾದದ್ದು ಮತ್ತು ಉದ್ಯೋಗದ ಅವಧಿಯಲ್ಲಿ ಆದದ್ದು" ಆಗಿರಬೇಕು. ಇಂಗ್ಲೆಂಡಿನ ಕಾನೂನಿನಿಂದ ಬಂದ ಈ ವಾಕ್ಯದ ಮೇಲೆ ಇಲ್ಲಿ ನೂರು ವರ್ಷ ವಕೀಲರು ವಾದ ಮಾಡಿದ್ದಾರೆ.

ಈ ಕಾಯ್ದೆಯ ದೊಡ್ಡ ಗುಣ ಏನಂದ್ರೆ, ತಪ್ಪು ಯಾರದು ಅಂತ ಸಾಬೀತು ಮಾಡಬೇಕಾಗಿಲ್ಲ. ಕೆಲಸದಲ್ಲಿದ್ದಾಗ ಸತ್ತ ಅಂತ ತೋರಿಸಿದ್ರೆ ಸಾಕು. ಆದರೆ ಆಗಿನ ಕಣ್ಣಿಗೆ ಕೆಲಸ ಅಂದ್ರೆ ಗಿರಣಿ, ಗಣಿ, ರೈಲ್ವೆ, ಬಂದರು. ಗೋಡೆ, ಗೇಟು, ಸೈರನ್ ಇರೋ ಜಾಗ.

ಇನ್ನೊಂದು ಸಂಗತಿ ಇಲ್ಲಿದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಕೆಲಸಗಾರ ಸತ್ತಾಗ ಅದನ್ನ ಯಾರು ವರದಿ ಮಾಡಬೇಕು? ಶುರುವಿನಲ್ಲಿ ಕ್ಲೇಮು ಹಾಕುವ ಹೊರೆ ಕುಟುಂಬದ್ದೇ ಆಗಿತ್ತು. ಓದು ಬರಹ ಬಾರದ ವಿಧವೆ ಕಮಿಷನರ್ ಆಫೀಸು ಹುಡುಕಿಕೊಂಡು ಹೋಗಬೇಕು. ವಿಟ್ಲೀ ಆಯೋಗ ಅಂತ ಕರೆಯುವ ಕಾರ್ಮಿಕರ ರಾಯಲ್ ಕಮಿಷನ್ 1931ರಲ್ಲಿ ವರದಿ ಕೊಟ್ಟಿತು. 1933ರಲ್ಲಿ ತಿದ್ದುಪಡಿ ಬಂತು. ಎರಡು ಹೊಸ ಸೆಕ್ಷನ್‌ಗಳು: 10ಎ ಮತ್ತು 10ಬಿ. 10ಎ ಪ್ರಕಾರ, ಕೆಲಸದಲ್ಲಿ ಒಬ್ಬ ಸತ್ತಿದ್ದಾನೆ ಅಂತ ಯಾವುದೇ ಮೂಲದಿಂದ ಸುದ್ದಿ ಬಂದರೂ ಕಮಿಷನರ್ ಮಾಲೀಕನಿಗೆ ನೋಟಿಸು ಕಳಿಸಿ ಹೇಳಿಕೆ ಕೇಳಬಹುದು. 10ಬಿ ಪ್ರಕಾರ, ಸಾವು ಅಥವಾ ತೀವ್ರ ಗಾಯ ಆದ ಏಳು ದಿನದೊಳಗೆ ಕಮಿಷನರ್‌ಗೆ ವರದಿ ಹೋಗಬೇಕು.

ಚೆನ್ನಾಗಿದೆ ಅಲ್ವಾ? ಆದರೆ 10ಬಿಯನ್ನ ನಿಧಾನವಾಗಿ ಓದಿ. ಬೇರೆ ಯಾವುದಾದರೂ ಕಾನೂನಿನಡಿ ಈಗಾಗಲೇ ನೋಟಿಸು ಕೊಡಬೇಕಾದ, ಮಾಲೀಕನ "ಆವರಣದಲ್ಲಿ" ಆದ ಅಪಘಾತಕ್ಕೆ ಮಾತ್ರ ಈ ವರದಿ. ಆವರಣ. ಅಲ್ಲಿಗೆ ಮುಗೀತು. 1948ರ ಕಾರ್ಖಾನೆ ಕಾಯ್ದೆಯ 88ನೇ ಸೆಕ್ಷನ್ ಕೂಡ ಹಾಗೆಯೇ: ಕಾರ್ಖಾನೆಯಲ್ಲಿ ಅಪಘಾತವಾಗಿ ಸಾವು ಬಂದ್ರೆ, ಅಥವಾ 48 ಗಂಟೆ ಕೆಲಸಕ್ಕೆ ಬರೋಕಾಗದಷ್ಟು ಗಾಯ ಆದ್ರೆ, ಮ್ಯಾನೇಜರ್ ನೋಟಿಸು ಕಳಿಸಬೇಕಿತ್ತು. ಕಾರ್ಖಾನೆಯಲ್ಲಿ. ಮಥುರಾ ರೋಡಿನಲ್ಲಿ ಅಲ್ಲ.

ಪರಿಹಾರದ ಹಕ್ಕಿಗೂ ವರದಿಯ ಹೊಣೆಗೂ ನಡುವೆ ಬಿರುಕು ಬಿದ್ದದ್ದು ಇಲ್ಲೇ ಅಂತ ನನ್ನ ಅನಿಸಿಕೆ. ರಸ್ತೆ ಮೇಲೆ ಸತ್ತ ಡ್ರೈವರ್‌ಗೆ ಪರಿಹಾರದ ಹಕ್ಕು ಇತ್ತು. ಅವನ ಸಾವನ್ನ ಕಾರ್ಮಿಕ ಇಲಾಖೆಗೆ ತಾನಾಗಿ ತಿಳಿಸಬೇಕಾದ ಬಾಧ್ಯತೆ ಮಾತ್ರ ಈ ಸೆಕ್ಷನ್‌ಗಳಡಿ ಯಾರಿಗೂ ಇರಲಿಲ್ಲ.

ಇನ್ನೊಂದು ದಾರಿ: ಮೋಟಾರು ಕಾನೂನು

ಇದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಕಾನೂನು ಬೆಳೀತಾ ಇತ್ತು. 1914ರ ಮೋಟಾರು ವಾಹನ ಕಾಯ್ದೆ ಚಿಕ್ಕದು. 1939ರದ್ದು ದೊಡ್ಡದು. ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ ಅನ್ನೋ ಅದರ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 1956ರ ತಿದ್ದುಪಡಿಯಲ್ಲಿ ಅಪಘಾತ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಬಂತು. ಊರಲ್ಲಿ ನಮ್ಮವರು "ಎಂಎಸಿಟಿ ಕೇಸು" ಅಂತಾರಲ್ಲ, ಅದೇ.

ಈಗ ಒಂದೇ ಸಾವಿಗೆ ಎರಡು ಬಾಗಿಲು. ಲಾರಿ ಗುದ್ದಿ ಸತ್ತ ಡ್ರೈವರ್ ಕುಟುಂಬ ಕಾರ್ಮಿಕ ಕಮಿಷನರ್ ಹತ್ತಿರವೂ ಹೋಗಬಹುದು, ಮೋಟಾರು ನ್ಯಾಯಮಂಡಳಿಗೂ ಹೋಗಬಹುದು. ಎರಡೂ ಕಡೆ ಹೋಗೋ ಹಾಗಿಲ್ಲ, ಒಂದನ್ನ ಆರಿಸಿಕೊಳ್ಳಬೇಕು. 1988ರ ಕಾಯ್ದೆಯ 167ನೇ ಸೆಕ್ಷನ್ ಇದನ್ನ ನೇರವಾಗಿ ಹೇಳುತ್ತೆ.

ಯಾವುದನ್ನ ಆರಿಸ್ತಾರೆ? ಲೆಕ್ಕ ಹಾಕಿ ನೋಡೋಣ, ನಮಗೆ ಲೆಕ್ಕ ಇಷ್ಟ ತಾನೇ. ಡ್ರೈವರ್ ವಯಸ್ಸು 30, ಸಂಬಳ ತಿಂಗಳಿಗೆ 15,000, ಅವನನ್ನ ನಂಬಿದವರು ನಾಲ್ಕು ಜನ.

ಕಾರ್ಮಿಕ ಪರಿಹಾರ ಕಾಯ್ದೆಯಡಿ: ಸಂಬಳದ ಅರ್ಧ, ಅಂದ್ರೆ 7,500. ಅದನ್ನ 30ನೇ ವಯಸ್ಸಿನ ಗುಣಕ 207.98ರಿಂದ ಗುಣಿಸಿ. 15,59,850 ರೂಪಾಯಿ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಿಂದ 15,000. ಅದಕ್ಕೂ ಮುಂಚೆ ಬರೀ 8,000 ಇತ್ತು. ಅಂದ್ರೆ ಡ್ರೈವರ್ 25,000 ದುಡಿದರೂ ಲೆಕ್ಕ 15,000ಕ್ಕೇ.

ಮೋಟಾರು ನ್ಯಾಯಮಂಡಳಿಯಲ್ಲಿ: ವರ್ಷಕ್ಕೆ 1,80,000. ಮುಂದೆ ಸಂಬಳ ಏರುತ್ತಿತ್ತು ಅನ್ನೋದಕ್ಕೆ ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಶೇ. 40 ಸೇರಿಸಿ, 2,52,000. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಿರಿ, 1,89,000. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 26ರಿಂದ 30 ವಯಸ್ಸಿಗೆ ಗುಣಕ 17. ಒಟ್ಟು 32,13,000. ಅಂತ್ಯಕ್ರಿಯೆ ಇತ್ಯಾದಿ ಬಾಬ್ತು ಬೇರೆ.

ದುಪ್ಪಟ್ಟಿಗಿಂತ ಹೆಚ್ಚು. ಯಾವ ವಕೀಲರು ಆದರೂ ಯಾವ ಬಾಗಿಲಿಗೆ ಕರ್ಕೊಂಡು ಹೋಗ್ತಾರೆ ಅಂತ ಕೇಳಬೇಕಾಗಿಲ್ಲ. ಕುಟುಂಬದ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ. ಆದರೆ ಅದರ ಅಡ್ಡ ಪರಿಣಾಮ ಗಮನಿಸಿ: ಕ್ಲೇಮು ಮೋಟಾರು ನ್ಯಾಯಮಂಡಳಿಗೆ ಹೋದ ಕೂಡಲೇ ಅದು ಕಾರ್ಮಿಕ ಇಲಾಖೆಯ ಕಡತದಿಂದ ಹೊರಗೆ. ದೇಶದ ಲೆಕ್ಕದಲ್ಲಿ ಒಬ್ಬ ಕೆಲಸಗಾರ ಸತ್ತ ಅನ್ನೋದು ಅಳಿಸಿಹೋಗಿ, ಒಬ್ಬ "ರಸ್ತೆ ಬಳಕೆದಾರ" ಸತ್ತ ಅನ್ನೋದು ಉಳಿಯಿತು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಡ್ರೈವರ್‌ದೇ ತಪ್ಪು ಅಂತಾದ್ರೆ, ಅಂದ್ರೆ ನಿದ್ದೆಗಣ್ಣಲ್ಲಿ ಡಿವೈಡರ್‌ಗೆ ಹೊಡೆದ ಅಂದುಕೊಳ್ಳಿ, ತಪ್ಪು ಸಾಬೀತಾಗಬೇಕಾದ ಮೋಟಾರು ಕ್ಲೇಮಿನಲ್ಲಿ ಅವನ ಕುಟುಂಬಕ್ಕೆ ಬಾಗಿಲು ಹೆಚ್ಚು ಕಡಿಮೆ ಮುಚ್ಚಿದ ಹಾಗೆ. ಆಗ ಕೈ ಹಿಡಿಯೋದು ಕಾರ್ಮಿಕ ಪರಿಹಾರದ ಕಾನೂನೇ, ಅಲ್ಲಿ ತಪ್ಪಿನ ಪ್ರಶ್ನೆ ಇಲ್ಲ. ಸಂಬಳದ ಡ್ರೈವರ್‌ಗೆ ಆ ಕಾನೂನಿನಡಿ ಬರೋ ಹೊಣೆಯನ್ನ ವಾಹನದ ವಿಮೆಯೇ ಹೊರಬೇಕು ಅಂತ 1988ರ ಕಾಯ್ದೆಯ 147ನೇ ಸೆಕ್ಷನ್ ಹೇಳುತ್ತೆ. ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇರಲ್ಲ. "ನಿಮ್ಮ ಹುಡುಗನದೇ ತಪ್ಪು, ಏನೂ ಸಿಗಲ್ಲ" ಅಂತ ವೆಂಡರ್ ಹೇಳಿದ್ರೆ ನಂಬಿ ಊರಿಗೆ ಹೋಗಿಬಿಡ್ತಾರೆ.

ಮನೆಯಿಂದ ಗೇಟಿನ ತನಕ

ಡ್ರೈವರ್ ಕಥೆ ಅದಾಯ್ತು. ಹಿಂದಿನ ಸೀಟಿನವರದ್ದೇನು? ಕೆಲಸಕ್ಕೆ ಹೋಗುವ ದಾರಿ ಕೆಲಸದ ಭಾಗವೋ ಅಲ್ಲವೋ?

ಜರ್ಮನಿಯಲ್ಲಿ 1925ರಲ್ಲೇ ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವನ್ನ ಕೆಲಸದ ಅಪಘಾತ ವಿಮೆಗೆ ಸೇರಿಸಿದ್ರು. 1964ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 121ನೇ ಒಡಂಬಡಿಕೆ, ಹೋಗಿ ಬರುವ ದಾರಿಯ ಅಪಘಾತ ಯಾವಾಗ ಕೆಲಸದ ಅಪಘಾತ ಆಗುತ್ತೆ ಅಂತ ಪ್ರತಿ ದೇಶ ಸ್ಪಷ್ಟ ಮಾಡಬೇಕು ಅಂತ ಹೇಳಿತು. ಭಾರತ ಅದಕ್ಕೆ ಸಹಿ ಹಾಕಿ ಅನುಮೋದಿಸಿಲ್ಲ. ನಮ್ಮಲ್ಲಿ ಈ ಪ್ರಶ್ನೆಯನ್ನ ಬಿಡಿಸಿದ್ದು ಕೋರ್ಟುಗಳು, ಒಂದೊಂದೇ ಸಾವಿನ ಮೂಲಕ.

1952ರಲ್ಲಿ ಸೌರಾಷ್ಟ್ರದ ಉಪ್ಪಿನ ಕಂಪನಿಯೊಂದರ ಕೆಲಸಗಾರರು ಖಾರಿಯನ್ನ ದಾಟುವಾಗ ದೋಣಿ ಮುಳುಗಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1958ರಲ್ಲಿ ತೀರ್ಪು ಬಂತು. ಉದ್ಯೋಗದ ಜಾಗವನ್ನ ಗೇಟಿನಿಂದ ಸ್ವಲ್ಪ ಆಚೆಗೂ ಹಿಗ್ಗಿಸಿ ನೋಡಬಹುದು ಅನ್ನೋ ತತ್ವವನ್ನ ಕೋರ್ಟು ಒಪ್ಪಿಕೊಳ್ತು. ಆದರೆ ಆ ದೋಣಿ ಸಾರ್ವಜನಿಕರೆಲ್ಲ ಬಳಸುವಂಥದ್ದು, ಹಾಗಾಗಿ ಮಾಲೀಕ ಹೊಣೆ ಅಲ್ಲ ಅಂತು.

1957ರಲ್ಲಿ ಮುಂಬೈಯಲ್ಲಿ ಬೆಸ್ಟ್ ಬಸ್ಸಿನ ಡ್ರೈವರೊಬ್ಬರು ಜೋಗೇಶ್ವರಿ ಡಿಪೋದಲ್ಲಿ ಡ್ಯೂಟಿ ಮುಗಿಸಿ ಇನ್ನೊಂದು ಬೆಸ್ಟ್ ಬಸ್ ಹತ್ತಿ ಮನೆಗೆ ಹೊರಟರು. ಬಸ್ಸು ಲಾರಿಗೆ ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಡ್ಯೂಟಿ ಮುಗಿದಿತ್ತಲ್ಲ ಅಂತ ಸಂಸ್ಥೆ ವಾದಿಸಿತು. 1963ರ ತೀರ್ಪಿನಲ್ಲಿ ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಕೆ. ಸುಬ್ಬರಾವ್ ಕುಟುಂಬದ ಕಡೆ ನಿಂತರು. ಡ್ರೈವರುಗಳು ಸಮಯಕ್ಕೆ ಬಂದು ಹೋಗಲಿ, ಸೇವೆ ಚೆನ್ನಾಗಿ ನಡೆಯಲಿ ಅಂತಲೇ ಸಂಸ್ಥೆ ಆ ಸವಲತ್ತು ಕೊಟ್ಟಿದೆ, ಹಾಗಾಗಿ ಆ ಪ್ರಯಾಣವೂ ಉದ್ಯೋಗದ ಭಾಗ ಅನ್ನೋದು ತೀರ್ಪಿನ ಸಾರ. ಇವತ್ತಿನ ಕಂಪನಿ ಕ್ಯಾಬ್ ಬಗ್ಗೆ ಯೋಚಿಸುವಾಗ ಈ ತರ್ಕ ನೆನಪಿಟ್ಟುಕೊಳ್ಳಿ. ಕ್ಯಾಬು ಕೊಡೋದು ಉಪಕಾರಕ್ಕಲ್ಲ, ರಾತ್ರಿ ಪಾಳಿ ನಡೀಲಿ ಅಂತ.

1971ರ ಜೂನ್ 26ರಂದು ಒಬ್ಬ ಕಾರ್ಖಾನೆ ಕೆಲಸಗಾರ ಸೈಕಲ್ಲಲ್ಲಿ 4.30ರ ಪಾಳಿಗೆ ಹೊರಟಿದ್ದ. 4.15ಕ್ಕೆ, ಕಾರ್ಖಾನೆಗೆ ಇನ್ನೊಂದು ಕಿಲೋಮೀಟರ್ ಇರುವಾಗ, ಲಾರಿ ಗುದ್ದಿ ಭುಜದ ಮೂಳೆ ಮುರೀತು. ಲಾರಿ ಯಾರದ್ದು ಗೊತ್ತಾ? ಅವನ ಕಂಪನಿಯದ್ದೇ. ಕೇಸು 25 ವರ್ಷ ನಡೀತು. 1996ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇದು ಉದ್ಯೋಗದ ಗಾಯ ಅಲ್ಲ ಅಂತ ಹೇಳಿತು. ಕೆಲಸಕ್ಕೆ ಹೋಗುವ ರಸ್ತೆ ಕೆಲಸ ಅಲ್ಲ. ಈ ಫ್ರಾನ್ಸಿಸ್ ಡಿ'ಕೋಸ್ಟಾ ತೀರ್ಪು ಎಷ್ಟೋ ವರ್ಷ ಕೆಳಗಿನ ಕೋರ್ಟುಗಳಿಗೆ ಗೋಡೆಯಾಗಿ ನಿಂತಿತು.

ದೆಹಲಿಯಲ್ಲೇ ಶುರುವಾದ ಇಎಸ್‌ಐ

ಆ ಸೈಕಲ್ ಕೇಸು ಬಂದದ್ದು ಇಎಸ್‌ಐ ಕಾನೂನಿನಡಿ. ಇಎಸ್‌ಐ ಹುಟ್ಟಿನಲ್ಲಿ ದೆಹಲಿಗೆ ಪಾಲಿದೆ. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಮೇಲೆ 1948ರ ಕಾಯ್ದೆ ಬಂತು. ಯೋಜನೆ ಮೊದಲು ಜಾರಿಯಾದದ್ದು 1952ರ ಫೆಬ್ರವರಿ 24ರಂದು, ಕಾನ್ಪುರ ಮತ್ತು ದೆಹಲಿ ಎರಡೇ ಊರಲ್ಲಿ.

ಇಎಸ್‌ಐನಲ್ಲಿ ದಾಖಲೆಯ ಶಿಸ್ತು ಇದೆ. ಫಾರಂ 11 ಅಂದ್ರೆ ಅಪಘಾತ ಪುಸ್ತಕ, ಫಾರಂ 12 ಅಂದ್ರೆ ಮಾಲೀಕ ಕಳಿಸಬೇಕಾದ ಅಪಘಾತ ವರದಿ. ಮಾಲೀಕ ಏರ್ಪಾಡು ಮಾಡಿದ ವಾಹನದಲ್ಲಿ ಹೋಗಿಬರುವಾಗ ಆದ ಅಪಘಾತ ಉದ್ಯೋಗದ ಅಪಘಾತವೇ ಅಂತ 51ಸಿ ಸೆಕ್ಷನ್ ಹೇಳ್ತಿತ್ತು. 2010ರ ಜೂನ್ 1ರಿಂದ 51ಇ ಸೇರಿತು: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವೂ ಸೇರುತ್ತೆ, ಸಮಯ ಮತ್ತು ಜಾಗಕ್ಕೆ ಉದ್ಯೋಗದ ಜೊತೆ ಸಂಬಂಧ ಇರಬೇಕು ಅಷ್ಟೆ. ಸೈಕಲ್ ಕೇಸಿನ ಗೋಡೆಗೆ ಸಂಸತ್ತು ಹಾಕಿದ ಬಾಗಿಲು ಇದು.

ಆದರೆ ಇಎಸ್‌ಐಗೆ ಸಂಬಳದ ಮಿತಿ ಇದೆ. 2017ರ ಜನವರಿಯಿಂದ 21,000 ರೂಪಾಯಿ. ಹಾಗಾಗಿ ನಮ್ಮ ಇಂಜಿನಿಯರುಗಳು ಬಹುತೇಕ ಹೊರಗೆ. ಒಳಗೆ ಇರಬೇಕಾದವರು ನಮ್ಮ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನ ಹುಡುಗರು. ಬೆಳಿಗ್ಗೆ ಐದಕ್ಕೆ ಸೈಕಲ್ಲು ತುಳಿದುಕೊಂಡು ಹೆದ್ದಾರಿ ಪಕ್ಕ ಬರೋದೂ ಇವರೇ.

2025: ಎರಡು ತಾರೀಕು

ಕಳೆದ ವರ್ಷಗಳಲ್ಲಿ ಎರಡು ದೊಡ್ಡ ಬದಲಾವಣೆ ಆದವು, ಎರಡೂ 2025ರಲ್ಲಿ.

ಮೊದಲನೆಯದು ಜುಲೈ 29. ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡಿರೋ ಧಾರಾಶಿವ, ಹಳೇ ಹೆಸರು ಉಸ್ಮಾನಾಬಾದ್. ಅಲ್ಲಿನ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರ ಏಪ್ರಿಲ್ 22ರಂದು ಬೆಳಗಿನ ಜಾವ ಮೂರರ ಪಾಳಿಗೆ ಮೋಟಾರ್ ಸೈಕಲ್ಲಲ್ಲಿ ಹೊರಟಿದ್ದರು. ಕಾರ್ಖಾನೆಗೆ ಇನ್ನು ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಕಮಿಷನರ್ 3,26,140 ರೂಪಾಯಿ ಮತ್ತು ಬಡ್ಡಿ ಕೊಡಿ ಅಂದ್ರು. 2011ರಲ್ಲಿ ಬಾಂಬೆ ಹೈಕೋರ್ಟು ಅದನ್ನ ರದ್ದು ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಮನೋಜ್ ಮಿಶ್ರಾ ಮತ್ತು ಕೆ.ವಿ. ವಿಶ್ವನಾಥನ್ ಕಮಿಷನರ್ ಆದೇಶವನ್ನ ಮತ್ತೆ ನಿಲ್ಲಿಸಿದ್ರು. 1923ರ ಕಾಯ್ದೆಯ ಆ ಹಳೇ ವಾಕ್ಯದೊಳಗೆ ಮನೆ ಮತ್ತು ಕೆಲಸದ ನಡುವಿನ ದಾರಿಯೂ ಸೇರುತ್ತೆ, ಉದ್ಯೋಗದ ಜೊತೆ ಸಂಬಂಧ ತೋರಿಸಿದ್ರೆ ಸಾಕು ಅಂದ್ರು. ಸತ್ತದ್ದು 2003, ನ್ಯಾಯ 2025. ಆ ಮನೆಯ ಮಕ್ಕಳು ಅಷ್ಟರಲ್ಲಿ ಎಷ್ಟು ದೊಡ್ಡವರಾದರೋ.

ಎರಡನೆಯದು ನವೆಂಬರ್ 21. 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು, 1923ರ ಕಾಯ್ದೆ ಅದರೊಳಗೆ ಕರಗಿತು. ಹೋಗಿಬರುವ ದಾರಿಯ ಅಪಘಾತವನ್ನ ಉದ್ಯೋಗದ ಅಪಘಾತ ಅಂತ ಪರಿಗಣಿಸುವ ಮಾತು ಈಗ ಕಾನೂನಿನ ಪಠ್ಯದಲ್ಲೇ ಇದೆ. ಆ್ಯಪ್ ಕ್ಯಾಬು, ಡೆಲಿವರಿ ಮಾಡುವ ಗಿಗ್ ಕೆಲಸಗಾರರ ಹೆಸರೂ ಮೊದಲ ಸಲ ಕೇಂದ್ರದ ಕಾರ್ಮಿಕ ಕಾನೂನಿನಲ್ಲಿ ಬಂತು. ಕರ್ನಾಟಕ ಅದೇ ವರ್ಷ ಗಿಗ್ ಕೆಲಸಗಾರರಿಗೆ ತನ್ನದೇ ಕಾಯ್ದೆ ಮಾಡಿತು.

ದೆಹಲಿ ಕಲಿಸಿದ ಪಾಠ

ಹಕ್ಕು ಹಿಗ್ಗಿತು, ಸರಿ. ದಾಖಲೆ? ಇಲ್ಲಿ ದೆಹಲಿಗೆ ಒಳ್ಳೆ ಹೆಸರು ಕೊಡಲೇಬೇಕು.

ಮೊದಲು ದೇಶದ ಯಾವ ಊರಲ್ಲಾದರೂ ಅಪಘಾತದ ಕಾಗದಪತ್ರ ಸಂಗ್ರಹಿಸೋದೇ ಒಂದು ಯಜ್ಞ. ಎಫ್‌ಐಆರ್ ಒಂದು ಕಡೆ, ಲಾರಿಯ ವಿಮೆ ಇನ್ನೊಂದು ಕಡೆ, ಪೋಸ್ಟ್‌ಮಾರ್ಟಂ ಮತ್ತೊಂದು ಕಡೆ. ರಾಜೇಶ್ ತ್ಯಾಗಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಜೆ.ಆರ್. ಮಿಢಾ 2009ರಿಂದ ಇದನ್ನ ತಿದ್ದೋಕೆ ಕೂತರು. ಪೊಲೀಸರೇ ತನಿಖೆ ಮಾಡಿ ಸವಿವರ ಅಪಘಾತ ವರದಿಯನ್ನ ನ್ಯಾಯಮಂಡಳಿಗೆ ಕೊಡಬೇಕು, ಅದನ್ನೇ ಕ್ಲೇಮು ಅರ್ಜಿ ಅಂತ ತಗೊಳ್ಳಬೇಕು ಅನ್ನೋ ವ್ಯವಸ್ಥೆ ಇಲ್ಲಿ ಪ್ರಯೋಗವಾಗಿ ಶುರುವಾಯ್ತು. ಊರಲ್ಲಿ "ಡಿಎಆರ್" ಅಂತಾರೆ. ಇದೇ ಮಾದರಿ 2022ರ ಏಪ್ರಿಲ್ 1ರಿಂದ ಇಡೀ ದೇಶದ ನಿಯಮ ಆಯ್ತು. 48 ಗಂಟೆಯಲ್ಲಿ ಮೊದಲ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ಸವಿವರ ವರದಿ. ಜೊತೆಗೆ ಐಐಟಿ ಮದ್ರಾಸ್ ರೂಪಿಸಿ, ಎನ್‌ಐಸಿ ನಡೆಸುವ ಐರ್‍ಯಾಡ್ ಎಂಬ ಡೇಟಾಬೇಸ್ ಬಂತು. ಅದರ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, ಉತ್ತರ ಪ್ರದೇಶವೂ ಇತ್ತು.

ಇಷ್ಟೆಲ್ಲ ಇದ್ರೂ ಒಂದು ಕಾಲಂ ಕಾಣಿಸಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ತೆಗೆದು ನೋಡಿ. 2022ರಲ್ಲಿ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಹತ್ತು ಲಕ್ಷ ಮೀರಿದ ಊರುಗಳಲ್ಲಿ ಸಾವಿನ ಲೆಕ್ಕದಲ್ಲಿ ದೆಹಲಿಯೇ ಮೊದಲು. ವಯಸ್ಸು, ಲಿಂಗ, ವಾಹನ, ರಸ್ತೆಯ ಬಗೆ, ಹವಾಮಾನ, ಹೆಲ್ಮೆಟ್, ಸೀಟ್ ಬೆಲ್ಟ್, ಎಲ್ಲದಕ್ಕೂ ಕೋಷ್ಟಕ ಇದೆ. ಸತ್ತವರಲ್ಲಿ ಎಷ್ಟು ಜನ ಆ ಹೊತ್ತಿನಲ್ಲಿ ಕೆಲಸದ ಮೇಲಿದ್ದರು ಅನ್ನೋ ಕೋಷ್ಟಕ ಇಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಕೆಲಸದ ಅಪಘಾತ ವರದಿ ಮಾಡುವ 2013ರ ನಿಯಮಗಳಿವೆ. ಸಾರ್ವಜನಿಕ ರಸ್ತೆಯ ಅಪಘಾತಗಳನ್ನ, ಕೆಲವು ವಿನಾಯಿತಿ ಬಿಟ್ಟರೆ, ಅವು ಹೊರಗಿಡುತ್ತವೆ. ಅಮೆರಿಕದವರು ಬೇರೆ ದಾರಿ ಹಿಡಿದರು. 1992ರಿಂದ ಅವರ ಕಾರ್ಮಿಕ ಅಂಕಿಅಂಶ ಇಲಾಖೆ ಪೊಲೀಸ್ ವರದಿ, ಮರಣ ಪ್ರಮಾಣಪತ್ರ, ಪರಿಹಾರದ ಕಡತ ಎಲ್ಲವನ್ನೂ ತಾಳೆ ಹಾಕಿ ಕೆಲಸದ ಸಾವುಗಳನ್ನ ಎಣಿಸುತ್ತೆ. ಎಣಿಸಿದಾಗ ಗೊತ್ತಾದದ್ದು: ಕೆಲಸದ ಸಾವುಗಳಲ್ಲಿ ಅತಿ ದೊಡ್ಡ ಪಾಲು ಸಾರಿಗೆಯದ್ದೇ. ಎಣಿಸದ ನಮಗೆ ಅದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಯಾರೂ ಬಜೆಟ್ ಇಡಲ್ಲ.

ನಾವು ಸಾಫ್ಟ್‌ವೇರಿನವರು, ನಮ್ಮ ಭಾಷೆಯಲ್ಲಿ ಹೇಳ್ತೀನಿ. ಪೊಲೀಸ್ ಒಂದು ಟೇಬಲ್, ಕಾರ್ಮಿಕ ಇಲಾಖೆ ಒಂದು ಟೇಬಲ್, ಕಂಪನಿಯ ಟ್ರಾನ್ಸ್‌ಪೋರ್ಟ್ ಡೆಸ್ಕು ಒಂದು ಟೇಬಲ್. ಮೂರಕ್ಕೂ ಒಂದೇ ಕೀ ಇಲ್ಲ. ಜಾಯಿನ್ ಹಾಕೋದು ಹೇಗೆ?

ಮೂರನೇ ಟೇಬಲ್ ಬಗ್ಗೆ ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ಹಲವು ವರ್ಷದ ಹಿಂದೆ ಒಂದು ಕಂಪನಿಯ ಕ್ಯಾಬ್ ರೋಸ್ಟರ್ ಅಪ್ಲಿಕೇಶನ್ ನೋಡಿಕೊಳ್ಳುವ ತಂಡದಲ್ಲಿದ್ದೆ. ಟ್ರಿಪ್ ಯಾಕೆ ಮುಗೀಲಿಲ್ಲ ಅನ್ನೋದಕ್ಕೆ ಆಯ್ಕೆಯ ಪಟ್ಟಿ ಇತ್ತು: ತಡ, ಉದ್ಯೋಗಿ ಬರಲಿಲ್ಲ, ವಾಹನ ಕೆಟ್ಟಿತು, ಇತರೆ. ಅಪಘಾತ ಅನ್ನೋ ಆಯ್ಕೆ ಇರಲಿಲ್ಲ. ರಾತ್ರಿ ಡೆಸ್ಕಿನಲ್ಲಿ ಕೂರ್ತಿದ್ದ ಸೂಪರ್‌ವೈಸರ್ ನಮ್ಮ ದಾವಣಗೆರೆ ಕಡೆಯವರು. ಅವರು ಒಂದು ನೋಟ್‌ಬುಕ್ ಇಟ್ಟಿದ್ರು. ಗಾಡಿ ನಂಬರು, ಡ್ರೈವರ್ ಹೆಸರು, ಯಾವ ಠಾಣೆ, ಯಾವ ಆಸ್ಪತ್ರೆ. "ಸಾರ್, ಸಿಸ್ಟಮ್ಮಲ್ಲಿ ಗಾಡಿ ಕೆಟ್ಟಿದೆ ಅಂತ ಬರುತ್ತೆ. ಕೆಟ್ಟಿದ್ದು ಗಾಡಿ ಅಲ್ಲ, ಹುಡುಗನ ಸೊಂಟ. ಅವನ ಮನೆಯವರು ಬಂದು ಕೇಳಿದ್ರೆ ಏನು ತೋರಿಸ್ಲಿ?" ಅಂದಿದ್ರು. ನೂರು ವರ್ಷದ ಈ ಇತಿಹಾಸವನ್ನ ನಾನು ಓದೋಕೆ ಶುರು ಮಾಡಿದ್ದು ಆ ಮಾತಿನ ನಂತರ.

ನಾವು ಮಾಡಬಹುದಾದದ್ದು

ಇದು ವಕೀಲರ ಸಲಹೆ ಅಲ್ಲ, ಇತಿಹಾಸದಿಂದ ಹೊರಡುವ ನಾಲ್ಕು ಮಾತು.

ಒಂದು, ಯಾವ ಠಾಣೆ ಅಂತ ಜಗಳಕ್ಕೆ ಬೀಳಬೇಡಿ. ಎನ್‌ಸಿಆರ್ ಅನ್ನೋದು 1985ರ ಯೋಜನಾ ಮಂಡಳಿ ಕಾಯ್ದೆಯಿಂದ ಒಂದಾಗಿದೆ, ಪೊಲೀಸು ಮಾತ್ರ ಬೇರೆ ಬೇರೆ. ಅಪಘಾತ ಎಲ್ಲೇ ಆಗಿರಲಿ, ಹತ್ತಿರದ ಠಾಣೆ ಜೀರೋ ಎಫ್‌ಐಆರ್ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ಸ್ಪಷ್ಟ ಇದೆ. ಮೋಟಾರು ಕ್ಲೇಮನ್ನೂ ಅಪಘಾತ ಆದ ಊರಲ್ಲೇ ಹಾಕಬೇಕಂತಿಲ್ಲ, ಕ್ಲೇಮು ಹಾಕುವವರು ವಾಸ ಇರುವ ಊರಲ್ಲೂ ಹಾಕಬಹುದು. ಗದಗಿನಲ್ಲಿರೋ ಅಪ್ಪ ಅಮ್ಮ ದೆಹಲಿಗೆ ಅಲೆಯಬೇಕಾಗಿಲ್ಲ.

ಎರಡು, "ಕೆಲಸದ ಮೇಲೆ" ಅನ್ನೋದನ್ನ ಮೊದಲ ದಿನವೇ ಬರೆಸಿ. ಪೊಲೀಸರ ಹೇಳಿಕೆಯಲ್ಲಿ, ಆಸ್ಪತ್ರೆಯ ಎಂಎಲ್‌ಸಿಯಲ್ಲಿ, ಎಚ್‌ಆರ್‌ಗೆ ಕಳಿಸುವ ಮೇಲ್‌ನಲ್ಲಿ. ಪಾಳಿಯ ರೋಸ್ಟರ್, ಟ್ರಿಪ್ ಶೀಟು, ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಕಲ್ಲಿನ 4.15, ಕಾವಲುಗಾರರ ಬೆಳಗಿನ ಮೂರರ ಪಾಳಿ, ಇಂಥ ವಿವರಗಳ ಮೇಲೆಯೇ ಆ ಕೇಸುಗಳಲ್ಲಿ ವಾದ ನಡೆದದ್ದು.

ಮೂರು, ಕಾಲ ಮಿತಿ. ಮೋಟಾರು ಕ್ಲೇಮಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಮಿತಿ ಬಂದಿದೆ. ಹದಿಮೂರನೇ ದಿನ ಕಳೀಲಿ, ವರ್ಷಾಬ್ದಿಕ ಮುಗೀಲಿ ಅಂತ ನಮ್ಮ ಕಡೆ ಕಾಯ್ತಾರೆ. ಕಾಯಬಾರದು.

ನಾಲ್ಕು, ಡ್ರೈವರ್ ಬಗ್ಗೆ ಕೇಳಿ. ಅವನು ವೆಂಡರಿನ ಸಂಬಳದವನೋ, ಗಾಡಿಯ ಮಾಲೀಕನೋ? ಸಂಬಳದವನಾದರೆ ಇಎಸ್‌ಐ ಇದೆಯಾ, ಇಲ್ಲದಿದ್ರೆ ಪಾಲಿಸಿಯಲ್ಲಿ ಅವನ ಹೊಣೆ ಸೇರಿದೆಯಾ? ಮಾಲೀಕನೇ ಡ್ರೈವರ್ ಆಗಿದ್ರೆ ಅವನಿಗೆ ಮಾಲೀಕ ಇಲ್ಲ, ಕಾರ್ಮಿಕ ಪರಿಹಾರವೂ ಇಲ್ಲ. ತಪ್ಪು ಅವನದೇ ಆದರೆ ಅವನ ಕುಟುಂಬಕ್ಕೆ ಉಳಿಯೋದು 15 ಲಕ್ಷದ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆ. ಅದನ್ನ ನವೀಕರಿಸಿದ್ದಾನಾ ಅಂತ ನಾವು ಒಂದು ಮಾತು ಕೇಳಿದ್ರೆ ಯಾರಿಗೂ ನಷ್ಟ ಇಲ್ಲ. ಅಡ್ಮಿನ್ ತಂಡದಲ್ಲಿ ನಿಮ್ಮವರು ಇದ್ರೆ, ವೆಂಡರ್ ಒಪ್ಪಂದ ನವೀಕರಿಸುವಾಗ ಅಪಘಾತದ ಲಿಖಿತ ವರದಿ ಅನ್ನೋ ಒಂದು ಷರತ್ತು ಸೇರಿಸೋಕೆ ಹೇಳಿ. ಅಪ್ಲಿಕೇಶನ್ ಬರೆಯೋರು ಇದ್ರೆ, ಆ ಪಟ್ಟಿಯಲ್ಲಿ ಒಂದು ಆಯ್ಕೆ ಹೆಚ್ಚು ಹಾಕಿ.

1933ರಲ್ಲಿ ಆವರಣದ ಒಳಗೆ ಸತ್ತವನ ವರದಿ ಏಳು ದಿನದಲ್ಲಿ ಹೋಗಬೇಕು ಅಂತ ಬರೆದವರಿಗೆ, ಮುಂದೊಂದು ದಿನ ಕಾರ್ಖಾನೆಯೇ ರಸ್ತೆಗೆ ಬರುತ್ತೆ, ಕಾರೇ ಕೆಲಸದ ಜಾಗ ಆಗುತ್ತೆ ಅಂತ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಹಕ್ಕಿನ ಅರ್ಧ ಕಾನೂನು ಬರೆದಾಯ್ತು. ಎಣಿಕೆಯ ಅರ್ಧ ಇನ್ನೂ ಬಾಕಿ ಇದೆ.

ಮಂಜಿನ ದಿನಗಳು, ಹುಷಾರಾಗಿ ಓಡಾಡಿ. ಹಿಂದಿನ ಸೀಟಲ್ಲೂ ಬೆಲ್ಟ್ ಹಾಕ್ಕೊಳ್ಳಿ.